ಮೆಡಿಕಲ್ ಕೌನ್ಸಿಲ್ ವಿಚಾರಣೆ ಮುಂದಕ್ಕೆ ಹಾಕಿಸಬಹುದಾ? ಬೀದರ್ ಜಿಲ್ಲೆಯ ಡಾಕ್ಟರೊಬ್ಬರಿಗೆ ಉತ್ತರ

ಪ್ರಶ್ನೆ (ಉದ್ದವಿತ್ತು, ಚಿಕ್ಕದು ಮಾಡಿದ್ದೇನೆ): ನಾನು ಬೀದರ್ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಹತ್ತು ಹಾಸಿಗೆಯ ಹೆರಿಗೆ ದವಾಖಾನೆ ನಡೆಸುತ್ತೇನೆ. ಸಿಸೇರಿಯನ್ ಆದ ಒಬ್ಬ ಹೆಣ್ಣುಮಗಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಹೈದರಾಬಾದಿಗೆ ಕಳಿಸಿದೆವು, ಮೂರನೇ ದಿನ ತೀರಿಕೊಂಡರು. ಆಕೆಯ ಅಣ್ಣ ಪೊಲೀಸರಿಗೆ ದೂರು ಕೊಟ್ಟರು, ಎಫ್‌ಐಆರ್ ಆಯಿತು. ಡಾಕ್ಟರುಗಳ ನೋಂದಣಿ, ನಡತೆ ನೋಡುವ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೂ ದೂರು ಹೋಗಿದೆ. ಇನ್ನು ಹನ್ನೆರಡು ದಿನಕ್ಕೆ ಬೆಂಗಳೂರಿನಲ್ಲಿ ವಿಚಾರಣೆ. ಕ್ರಿಮಿನಲ್ ಕೇಸ್ ಮುಗಿಯುವ ತನಕ ಇದನ್ನು ನಿಲ್ಲಿಸಿ ಅಂತ ಕೇಳಬಹುದಾ? ಅದೇ ವಾರ ಕಲಬುರಗಿಯಲ್ಲಿ ಮಗಳ ಮದುವೆ ಬೇರೆ ಇದೆ. ಗೆಳೆಯರು ಸುಮ್ನೆ ಒಂದು ಮೆಡಿಕಲ್ ಸರ್ಟಿಫಿಕೇಟ್ ಕಳಿಸಿಬಿಡಿ ಅನ್ನುತ್ತಾರೆ. ಕೇಸ್ ಶೀಟ್ ಕೂಡ ನನ್ನ ಹತ್ತಿರ ಇಲ್ಲ, ಪೊಲೀಸರು ಒಯ್ದಿದ್ದಾರೆ.

ಉತ್ತರ:

ಡಾಕ್ಟರ್ ಸಾಹೇಬ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ನಾಲ್ಕು ಕಾರಣ ಕೊಟ್ಟಿದ್ದೀರಿ. ಕ್ರಿಮಿನಲ್ ಕೇಸ್, ಮದುವೆ, ಸರ್ಟಿಫಿಕೇಟ್, ಕೊನೆಗೆ ಹೋಗಲಿ ಅಂತ ಒಂದು ಸಾಲಿನಲ್ಲಿ ಕೇಸ್ ಶೀಟ್. ನಿಜ ಹೇಳಬೇಕಂದ್ರೆ ಇದರಲ್ಲಿ ಕೌನ್ಸಿಲ್ ಮುಂದೆ ನಿಲ್ಲುವ ಕಾರಣ ಆ ಕೊನೆಯ ಸಾಲು ಒಂದೇ.

ನಾನು ಕಲಬುರಗಿಯಲ್ಲಿ ವಕೀಲಿ ಮಾಡುವವನು. ಇಂಥ ಕೇಸುಗಳಲ್ಲಿ ಡಾಕ್ಟರ ಪರವಾಗಿಯೂ ನಿಂತಿದ್ದೇನೆ, ರೋಗಿಯ ಮನೆಯವರ ಪರವಾಗಿಯೂ ನಿಂತಿದ್ದೇನೆ. ಅದಕ್ಕೇ ಆ ಕಡೆಯವರಿಗೆ ಹೇಗೆ ಕಾಣುತ್ತದೆ ಅನ್ನೋದನ್ನೂ ನಡುನಡುವೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಸಲ, ನಾಲ್ಕೈದು ವಾರದ ಮಟ್ಟಿಗೆ ಮುಂದಕ್ಕೆ ಹಾಕಿಸುವುದು ಕಷ್ಟವಲ್ಲ. ಆದರೆ ಕ್ರಿಮಿನಲ್ ಕೇಸ್ ಮುಗಿಯುವ ತನಕ ನಿಲ್ಲಿಸುವುದು ಬೇರೆಯೇ ಮಾತು. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. "ಇವರಿಗೆ ವಿಚಾರಣೆಯೇ ಬೇಡ" ಅಂತ ಓದುವವರಿಗೆ ಅನ್ನಿಸಿದ ಮೇಲೆ ನೀವು ಹಾಕಿದ ಒಳ್ಳೆ ಕಾರಣದ ಮೇಲೂ ಅನುಮಾನ ಬರುತ್ತದೆ.

ಆ ಸರ್ಟಿಫಿಕೇಟ್ ವಿಷಯ ಮೊದಲು ಮುಗಿಸೋಣ. ಅದನ್ನು ಓದಿದಾಗಿಂದ ನನಗೆ ಕಸಿವಿಸಿ. ಡಾಕ್ಟರುಗಳ ವೃತ್ತಿ ನಡತೆಯ 2002ರ ನಿಯಮಗಳೇ ನಿಮಗೆ ಅನ್ವಯಿಸೋದು. 2023ರ ಆಗಸ್ಟ್ 2ಕ್ಕೆ ಹೊಸ ನಿಯಮ ಬಂತು, ಮೂರೇ ವಾರಕ್ಕೆ, ಆಗಸ್ಟ್ 23ಕ್ಕೆ ತಡೆಹಿಡಿದರು. ವಾಟ್ಸಾಪ್‌ನಲ್ಲಿ ಯಾರಾದರೂ ಅದರ ಪಿಡಿಎಫ್ ಕಳಿಸಿದ್ದರೆ ಬದಿಗಿಡಿ. ಆ 2002ರ ನಿಯಮಗಳ 7.7ರಲ್ಲಿ ಸ್ಪಷ್ಟವಾಗಿದೆ: ಸುಳ್ಳು ಅಥವಾ ದಾರಿ ತಪ್ಪಿಸುವ ಸರ್ಟಿಫಿಕೇಟ್‌ಗೆ ಸಹಿ ಹಾಕಿದ ಡಾಕ್ಟರ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು. ಅಂದರೆ ನಿಮ್ಮನ್ನು ಉಳಿಸಲು ಬಂದ ಗೆಳೆಯರು ನಾಳೆ ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂರಬೇಕಾದೀತು. ಎದುರಿಗೆ ಕೂತವರೂ ಡಾಕ್ಟರುಗಳೇ ಅಲ್ವಾ? "ವೈರಲ್ ಫೀವರ್, ಐದು ದಿನ ವಿಶ್ರಾಂತಿ" ಅನ್ನೋ ಚೀಟಿಯನ್ನು ಅವರು ಜೀವಮಾನದಲ್ಲಿ ಎಷ್ಟು ನೋಡಿರಬೇಡ! ಮೇಲಾಗಿ ಅದೇ ವಾರ ನೀವು ಪೇಟ ಸುತ್ತಿಕೊಂಡು ಮಗಳಿಗೆ ಅಕ್ಷತೆ ಹಾಕುವ ಫೋಟೋ ಬೀದರಿನ ತುಂಬ ಓಡಾಡುತ್ತದೆ. ಅದನ್ನು ದೂರುದಾರರು ತಮ್ಮ ಫೈಲಿಗೆ ಸೇರಿಸದೆ ಬಿಡುತ್ತಾರೆಯೇ. ನಿಜವಾಗಿ ಹುಷಾರಿಲ್ಲದಿದ್ದರೆ ಮಾತು ಬೇರೆ. ಆಗ ಅಡ್ಮಿಷನ್ ಕಾಗದ, ಲ್ಯಾಬ್ ರಿಪೋರ್ಟ್ ಎಲ್ಲ ತಾನಾಗಿಯೇ ಇರುತ್ತವೆ.

ಈಗ ನಿಮ್ಮ ಮೊದಲ ಕಾರಣ. ಕ್ರಿಮಿನಲ್ ಕೇಸ್ ಇದೆ, ಅದಕ್ಕೇ ಕೌನ್ಸಿಲ್ ಕಾಯಬೇಕು ಅನ್ನೋದು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕೌನ್ಸಿಲ್‌ನಲ್ಲಿ ಬರೆದುಕೊಟ್ಟ ಹೇಳಿಕೆಯನ್ನು ನಾಳೆ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ತೆಗೆದರೆ ಏನು ಗತಿ, ಅಷ್ಟೇ ಅಲ್ವಾ? ಈ ಭಯ ಸುಳ್ಳಲ್ಲ. ಆದರೆ ಅಷ್ಟಕ್ಕೇ ವಿಚಾರಣೆ ನಿಲ್ಲುವುದಿಲ್ಲ.

ಇದರ ಬಗ್ಗೆ ವಕೀಲರೆಲ್ಲ ಹಿಡಿದುಕೊಂಡು ಬರುವ ತೀರ್ಪು ನಮ್ಮ ರಾಜ್ಯದ್ದೇ ಒಂದು ಕಥೆ. ಕೋಲಾರದ ಚಿನ್ನದ ಗಣಿಯಲ್ಲಿ ಸೆಕ್ಯುರಿಟಿ ಆಫೀಸರ್ ಆಗಿದ್ದ ಕ್ಯಾಪ್ಟನ್ ಎಂ. ಪಾಲ್ ಆಂಟನಿ ಅವರ ಮನೆ ಮೇಲೆ 1985ರಲ್ಲಿ ಪೊಲೀಸ್ ರೇಡ್ ಆಯಿತು. ಮನೆಯಲ್ಲಿ ಚಿನ್ನ ಸಿಕ್ಕಿತು ಅಂತ ಕ್ರಿಮಿನಲ್ ಕೇಸ್, ಜೊತೆಗೆ ಕಂಪನಿಯ ಇಲಾಖಾ ವಿಚಾರಣೆ. ಅವರನ್ನು ಸಸ್ಪೆಂಡ್ ಮಾಡಿದರು, ಜೀವನಾಧಾರ ಭತ್ಯೆ ಮಾತ್ರ ಕೊಡಲಿಲ್ಲ. ಅವರು ಇದ್ದದ್ದು ಕೇರಳದಲ್ಲಿ. ಕೈಯಲ್ಲಿ ದುಡ್ಡಿಲ್ಲದೆ ವಿಚಾರಣೆಗೆ ಬರಲಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ಕೆಲಸದಿಂದ ತೆಗೆದರು. 1987ರಲ್ಲಿ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಕೊನೆಗೆ 1999ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು.

ಆ ತೀರ್ಪಿನಿಂದ ನಿಮಗೆ ಬೇಕಾದ್ದು ಎರಡು ಮಾತು. ಕ್ರಿಮಿನಲ್ ಕೇಸ್ ಮತ್ತು ಶಿಸ್ತು ವಿಚಾರಣೆ ಎರಡೂ ಒಟ್ಟಿಗೆ ನಡೆಯಬಹುದು, ಅಡ್ಡಿಯಿಲ್ಲ. ಆರೋಪ ಗಂಭೀರವಾಗಿದ್ದು, ಎರಡೂ ಕಡೆ ಅದೇ ಸಂಗತಿಗಳಿದ್ದು, ಕಾನೂನಿನ ಮತ್ತು ಸಂಗತಿಗಳ ಪ್ರಶ್ನೆ ಗೋಜಲಾಗಿದ್ದರೆ ಮಾತ್ರ ಶಿಸ್ತು ವಿಚಾರಣೆ ತಡೆಯುವುದು ಒಳ್ಳೆಯದು. ಅದೂ ಕೋರ್ಟಿನ ಕೇಸ್ ಆಮೆಯ ಹಾಗೆ ನಡೆದರೆ ತಡೆದ ವಿಚಾರಣೆಯನ್ನು ಮತ್ತೆ ಶುರು ಮಾಡಬಹುದು. ಅದು ನೌಕರಿಯ ಕೇಸು, ನಿಮ್ಮದು ವೃತ್ತಿಯ ಕೇಸು, ಪೂರ್ತಿ ಹೊಂದುವುದಿಲ್ಲ. ಆದರೂ ವಾದ ಮಾಡುವವರು ಹಿಡಿಯುವ ದಾರಿ ಇದೇ.

ನಿಮ್ಮ ಕೇಸಿನಲ್ಲಿ ಇನ್ನೂ ಚಾರ್ಜ್‌ಶೀಟ್ ಆಗಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಮುಗಿಯಬೇಕಾದ ಕೋರ್ಟ್ ಕೇಸೇ ಇನ್ನೂ ಶುರುವಾಗಿಲ್ಲ! ಪೊಲೀಸರು ಸುಮ್ಮನೆ ನಿಮ್ಮ ಮೇಲೆ ಚಾರ್ಜ್‌ಶೀಟ್ ಹಾಕುವಂತೆಯೂ ಇಲ್ಲ. ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಮೊದಲು ಆ ವಿಷಯ ಬಲ್ಲ, ಸಂಬಂಧವಿಲ್ಲದ ಒಬ್ಬ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳಬೇಕು, ಸರ್ಕಾರಿ ಸೇವೆಯಲ್ಲಿರುವವರಾದರೆ ಒಳ್ಳೆಯದು. ಬರೀ ತಪ್ಪಾಯಿತು ಅನ್ನುವುದು ಕ್ರಿಮಿನಲ್ ಕೇಸಿಗೆ ಸಾಲದು, ನಿರ್ಲಕ್ಷ್ಯ ಬಹಳ ದೊಡ್ಡದಿರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನೋಂದಾಯಿತ ವೈದ್ಯರಿಗೆ ಹೆಚ್ಚೆಂದರೆ 2 ವರ್ಷ ಶಿಕ್ಷೆ ಮತ್ತು ದಂಡ. ಉಳಿದವರಿಗೆ 5 ವರ್ಷದ ತನಕ ಇದೆ. ಕೌನ್ಸಿಲ್ ನೋಡುವುದು ಇದ್ಯಾವುದನ್ನೂ ಅಲ್ಲ. ಒಬ್ಬ ಡಾಕ್ಟರ್ ನಡೆದುಕೊಳ್ಳಬೇಕಾದ ರೀತಿ ನಡೆದುಕೊಂಡರಾ, ಅಷ್ಟೇ ಅದರ ಪ್ರಶ್ನೆ. ಅಳತೆಗೋಲೇ ಬೇರೆ ಆದಾಗ "ಆ ಕೋರ್ಟಿನದು ಮುಗಿಯಲಿ" ಅನ್ನುವ ಮಾತಿಗೆ ತೂಕ ಬರುವುದಿಲ್ಲ.

ತಡೆ ಬೇಕೇ ಬೇಕು ಅಂದರೆ ಅದಕ್ಕೆ ಜಾಗ ಹೈಕೋರ್ಟು. ನಮ್ಮ ಪುಣ್ಯ, 2008ರ ಜುಲೈನಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರ ಆಗಸ್ಟ್ 31ಕ್ಕೆ ಅದು ಕಾಯಂ ಆಯಿತು. ಅದಕ್ಕೂ ಮುಂಚೆ ಒಂದು ರಿಟ್ (ಹೈಕೋರ್ಟಿಗೇ ನೇರವಾಗಿ ಹಾಕುವ ಅರ್ಜಿ) ಹಾಕೋಕೆ ಬೀದರಿನವರು ರಾತ್ರಿಯಿಡೀ ಬಸ್ಸಿನಲ್ಲಿ ಕೂರುತ್ತಿದ್ದರು. ಕೌನ್ಸಿಲ್ ಇರುವುದು ಬೆಂಗಳೂರಿನಲ್ಲಿ, ಹಾಗಾಗಿ ನಿಮ್ಮ ರಿಟ್ ಯಾವ ಪೀಠಕ್ಕೆ ಹೋಗಬೇಕು ಅನ್ನುವುದನ್ನು ನಿಮ್ಮ ವಕೀಲರು ಕಾಗದ ನೋಡಿಯೇ ಹೇಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಈ ಹಂತದಲ್ಲಿ ರಿಟ್‌ಗೆ ಹೋಗಬೇಡಿ. "ಮೊದಲು ಕೌನ್ಸಿಲ್ ಮುಂದೆ ಹೋಗಿ ಹೇಳಿ" ಅನ್ನುವ ಮಾತು ಕೇಳಿಕೊಂಡು ಬರುವ ಸಾಧ್ಯತೆ ಜಾಸ್ತಿ. ಹಾಗೆ ವಾಪಸ್ ಬಂದರೆ ಕೌನ್ಸಿಲ್ ಮುಂದೆ ನಿಮ್ಮ ಮುಖ ಇನ್ನಷ್ಟು ಸಣ್ಣದಾಗುತ್ತದೆ.

ಸರಿ, ಕೇಸ್ ಶೀಟಿಗೆ ಬರೋಣ. ಅದೇ 2002ರ ನಿಯಮಗಳ 8.2ರಲ್ಲಿ ನಿಮಗೆ ಖುದ್ದಾಗಿ ಅಥವಾ ವಕೀಲರ ಮೂಲಕ ಹೇಳಿಕೊಳ್ಳುವ ಅವಕಾಶ ಕೊಡಲೇಬೇಕು ಅಂತಿದೆ. ಆ ರಾತ್ರಿ ಎಷ್ಟು ಗಂಟೆಗೆ ಏನು ಮಾಡಿದಿರಿ ಅನ್ನೋದು ಬರೆದಿರುವ ಒಂದೇ ಕಾಗದ ಠಾಣೆಯ ಕಪಾಟಿನಲ್ಲಿದ್ದರೆ ನೀವು ಏನಂತ ಹೇಳಿಕೊಳ್ಳುತ್ತೀರಿ? "ದಾಖಲೆ ನನ್ನ ಕೈಯಲ್ಲಿಲ್ಲ, ಅದಕ್ಕೆ ಅರ್ಜಿ ಹಾಕಿದ್ದೇನೆ, ಸಿಕ್ಕ ಕೂಡಲೇ ವಿವರವಾದ ಉತ್ತರ ಕೊಡುತ್ತೇನೆ" ಅನ್ನುವುದಕ್ಕೆ ಯಾರೂ ಇಲ್ಲ ಅನ್ನಲಾರರು. ಇಲ್ಲ ಅಂದರೆ ಮುಂದೆ ಅಪೀಲಿನಲ್ಲಿ ನಿಮಗೆ ಅದೇ ದೊಡ್ಡ ಆಯುಧ.

ಆದರೆ ಇಲ್ಲೊಂದು ಮುಳ್ಳಿದೆ. ದೂರಿನ ಪ್ರತಿಯಲ್ಲಿ "ದಾಖಲೆ ಕೇಳಿದೆವು, ಕೊಡಲಿಲ್ಲ" ಅಂತಲೂ ಇದೆ ಅಂದಿದ್ದೀರಿ. ನಿಯಮ 1.3ರ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು, ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಈಗ ಲೆಕ್ಕ ಹಾಕಿ. ಅಣ್ಣ ಕೇಳಿದ್ದು ಯಾವತ್ತು? ಪೊಲೀಸರು ಒಯ್ದದ್ದು ಯಾವತ್ತು? ಜಪ್ತಿ ಪಂಚನಾಮೆಯಲ್ಲಿ ತಾರೀಖು ಮತ್ತು ಸಮಯ ಎರಡೂ ಇರುತ್ತವೆ. ಅಣ್ಣ ಕೇಳಿ ಒಂದು ದಿನಕ್ಕೇ ಪೊಲೀಸರು ಒಯ್ದಿದ್ದರೆ ನೀವು ಬಚಾವು. ಹತ್ತು ದಿನ ಆದಮೇಲೆ ಒಯ್ದಿದ್ದರೆ "ನನ್ನ ಹತ್ತಿರ ಇಲ್ಲ" ಅನ್ನುವ ನಿಮ್ಮ ಕಾರಣವೇ "ಇದ್ದಾಗ ಯಾಕೆ ಕೊಡಲಿಲ್ಲ" ಅನ್ನುವ ಪ್ರಶ್ನೆಯನ್ನು ಎಳೆದು ತರುತ್ತದೆ. ಆ ಪ್ರಶ್ನೆಗೆ ಉತ್ತರ ರೆಡಿ ಇಲ್ಲದೆ ಪತ್ರ ಬರೆಯಬೇಡಿ. ಉತ್ತರ ಸುಳ್ಳಾಗಿರಬಾರದು, ಅಷ್ಟೇ. "ಗಾಬರಿಯಲ್ಲಿದ್ದೆವು, ತಡವಾಯಿತು" ಅನ್ನುವುದೂ ಒಂದು ಉತ್ತರವೇ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಪ್ರತಿ ಕೈಗೆ ಬಂದ ಮೇಲೆ ಅದರಲ್ಲಿ ಒಂದಕ್ಷರ ಸೇರಿಸಬೇಡಿ. ನರ್ಸ್ ಹತ್ತಿರ ಉಳಿದ ಹಾಳೆ, ಒಟಿ ರಿಜಿಸ್ಟರ್, ಲೇಬರ್ ರೂಮ್ ರಿಜಿಸ್ಟರ್, ಯಾವುದರಲ್ಲೂ ಬೇಡ. ಕೆಲ ವರ್ಷದ ಹಿಂದೆ ನಾನು ರೋಗಿಯ ಕಡೆಯಿಂದ ನೋಡಿದ ಒಂದು ಚಾರ್ಟ್ ಇನ್ನೂ ಕಣ್ಣಿಗೆ ಕಟ್ಟಿದೆ. ರಾತ್ರಿ ಎಂಟರಿಂದ ಬೆಳಗಿನ ಆರರ ತನಕ ಗಂಟೆಗೊಂದು ಸಲ ಬಿಪಿ ಬರೆದಿತ್ತು. ಹನ್ನೊಂದೂ ಸಾಲು ಒಂದೇ ನೀಲಿ ಪೆನ್ನು, ಒಂದೇ ಕೈಬರಹ, ಒಂದೇ ಓರೆ. ನಡುವೆ ಡ್ಯೂಟಿ ಬದಲಾಗಿತ್ತು ಅನ್ನೋದು ಅವರದೇ ಹಾಜರಿ ಪುಸ್ತಕದಲ್ಲಿತ್ತು. ಆ ಡಾಕ್ಟರ್ ಚಿಕಿತ್ಸೆಯಲ್ಲಿ ತಪ್ಪು ಮಾಡಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆ ನೀಲಿ ಪೆನ್ನು ನೋಡಿದ ಮೇಲೆ ಅವರ ಬೇರೆ ಮಾತನ್ನು ಯಾರೂ ನಂಬಲಿಲ್ಲ.

ಈಗ ಪತ್ರ. ಕೌನ್ಸಿಲ್‌ನ ರಿಜಿಸ್ಟ್ರಾರ್ ಹೆಸರಿಗೆ ಬರೆಯಿರಿ, ಕಚೇರಿ ಬಸವನಗುಡಿಯಲ್ಲಿದೆ, ವಿಳಾಸ ನಿಮ್ಮ ನೋಟಿಸಿನ ತಲೆಯಲ್ಲೇ ಇರುತ್ತದೆ. ಕನ್ನಡದಲ್ಲೇ ಬರೆಯಿರಿ. ಒಂದು ಪುಟ ದಾಟಬಾರದು. ಹೀಗಿದ್ದರೆ ಸಾಕು:

"ದೂರು ಸಂಖ್ಯೆ ಇಂಥದ್ದು, ವಿಚಾರಣೆ ತಾರೀಖು ಇಂಥದ್ದು. ರೋಗಿಯ ಮೂಲ ಕೇಸ್ ಶೀಟನ್ನು ಪೊಲೀಸರು ಇಂಥ ದಿನ ಜಪ್ತಿ ಮಾಡಿದ್ದಾರೆ, ಪಂಚನಾಮೆಯ ಪ್ರತಿ ಲಗತ್ತಿಸಿದೆ. ಅದರ ಪ್ರತಿಗಾಗಿ ಇಂಥ ದಿನ ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿ ಲಗತ್ತಿಸಿದೆ. ದಾಖಲೆ ಇಲ್ಲದೆ ಪೂರ್ತಿ ಉತ್ತರ ಕೊಡಲು ಆಗುತ್ತಿಲ್ಲ. ವಿಚಾರಣೆಯನ್ನು ನಾಲ್ಕು ವಾರ ಮುಂದೂಡಬೇಕೆಂದು ಕೋರುತ್ತೇನೆ. ಇಂಥ ತಾರೀಖುಗಳಲ್ಲಿ ಯಾವತ್ತು ಕರೆದರೂ ಹಾಜರಾಗುತ್ತೇನೆ. ಇದು ನನ್ನ ಮೊದಲ ಕೋರಿಕೆ. ದೂರುದಾರರಿಗೂ ಇದರ ಪ್ರತಿ ಕಳಿಸಿದ್ದೇನೆ."

ಮದುವೆ ಎಲ್ಲಿ ಹೋಯಿತು ಅಂತೀರಾ? ಅದನ್ನು ಮುಚ್ಚಿಡಬೇಡಿ, ಮುಖ್ಯ ಕಾರಣವಾಗಿಯೂ ಹಾಕಬೇಡಿ. ಕೊನೆಯಲ್ಲಿ ಒಂದು ಸಾಲು: ಆ ವಾರ ಮಗಳ ಮದುವೆ ಇದೆ, ಲಗ್ನಪತ್ರಿಕೆ ಲಗತ್ತಿಸಿದೆ. ಎದುರಿಗಿರುವವರೂ ಮಕ್ಕಳ ಮದುವೆ ಮಾಡಿದವರೇ. ಒಬ್ಬ ತಾಯಿ ಸತ್ತ ಕೇಸಿನಲ್ಲಿ ಪತ್ರ ಮದುವೆಯಿಂದಲೇ ಶುರುವಾದರೆ ಮಾತ್ರ ಓದೋಕೆ ಕಷ್ಟವಾಗುತ್ತದೆ.

ಪತ್ರವನ್ನು ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹನ್ನೆರಡು ದಿನ ಇದೆ ಅಂತ ಹತ್ತನೇ ದಿನಕ್ಕೆ ಬರೆಯಬೇಡಿ. ಇಷ್ಟು ಮಾಡಿ ಮನೆಯಲ್ಲಿ ಕೂತರೆ ಸಾಲದು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಪತ್ರ ಕಳಿಸಿದ್ದು ಅಂದರೆ ತಾರೀಖು ಮುಂದೆ ಹೋಯಿತು ಅಂತ ಅರ್ಥವಲ್ಲ. ಮುಂದೂಡಿದ್ದೇವೆ ಅನ್ನುವ ಬರಹ ಕೌನ್ಸಿಲ್‌ನಿಂದ ಬರುವ ತನಕ ಆ ತಾರೀಖು ನಿಂತೇ ಇರುತ್ತದೆ. ಬರಲಿಲ್ಲ ಅಂದರೆ ಆ ದಿನ ನಿಮ್ಮ ವಕೀಲರು ಅಲ್ಲಿರಲೇಬೇಕು, ಕೈಯಲ್ಲಿ ವಕಾಲತ್ತು ಮತ್ತು ಪತ್ರದ ಪ್ರತಿ ಹಿಡಿದುಕೊಂಡು. ಯಾರೂ ಹೋಗದಿದ್ದರೆ ನೀವು ಗೈರು, ಎಕ್ಸ್‌ಪಾರ್ಟಿ, ಅಂದರೆ ನಿಮ್ಮನ್ನು ಬಿಟ್ಟೇ ವಿಚಾರಣೆ ನಡೆಯಬಹುದು. ಸೋಲಾಪುರ–ಹಾಸನ ಗಾಡಿಗೆ ರಾತ್ರಿ ಕಲಬುರಗಿಯಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಒಬ್ಬ ಜೂನಿಯರ್ ವಕೀಲರನ್ನು ಕಳಿಸುವುದು ಅಷ್ಟೇನೂ ದೊಡ್ಡ ಖರ್ಚಲ್ಲ. ವಿಡಿಯೋ ಮೂಲಕ ಹಾಜರಾಗಲು ಅನುಮತಿ ಕೇಳಬಹುದು, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ನೋಟಿಸನ್ನು ಇನ್ನೊಮ್ಮೆ ಓದಿ. ಅದರಲ್ಲಿ ಎರಡು ತಾರೀಖು ಇರಬಹುದು, ಲಿಖಿತ ಉತ್ತರ ಕೊಡಲು ಒಂದು, ಖುದ್ದು ಬರಲು ಒಂದು. ನೀವು ಎರಡನೆಯದನ್ನು ಮುಂದೂಡಿಸಿ ಮೊದಲನೆಯದನ್ನು ಮರೆತರೆ ಏನೂ ಪ್ರಯೋಜನವಿಲ್ಲ. ನಾನಾದರೆ ಒಂದು ಚಿಕ್ಕ ಪ್ರಾಥಮಿಕ ಉತ್ತರವನ್ನು ಈಗಲೇ ಕೊಡುತ್ತೇನೆ: ಆರೋಪ ಒಪ್ಪುವುದಿಲ್ಲ, ದಾಖಲೆ ಸಿಕ್ಕ ಮೇಲೆ ವಿವರ ಕೊಡುತ್ತೇನೆ. ಅದಕ್ಕಿಂತ ಜಾಸ್ತಿ ಬರೆಯುವ ಮುಂಚೆ ನಿಮ್ಮ ಕ್ರಿಮಿನಲ್ ವಕೀಲರು ಪ್ರತಿ ಸಾಲೂ ಓದಲಿ. ನಿಮ್ಮ ಆ ಮೊದಲಿನ ಭಯಕ್ಕೆ ಮದ್ದು ಇದೇ. ವೃತ್ತಿ ವಿಮೆ ಇದ್ದರೆ ವಿಮಾ ಕಂಪನಿಗೂ ಒಂದು ಪತ್ರ ಹಾಕಿ, ತಡ ಮಾಡಿದರೆ ಅವರು ಕೊಸರಾಡುತ್ತಾರೆ.

ದೂರುದಾರರಿಗೆ ಪ್ರತಿ ಕಳಿಸಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಆ ಅಣ್ಣನೂ ನಿಮ್ಮ ತಾಲ್ಲೂಕಿನವನೇ. ಅವನೂ ಬೆಂಗಳೂರಿಗೆ ಬರಬೇಕು, ಎರಡು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿಕೊಂಡು. ಒಮ್ಮೆ ಇಂಥವನೊಬ್ಬನ ಜೊತೆ ನಾನೇ ಹೋಗಿದ್ದೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಜೆರಾಕ್ಸ್ ಕಾಗದಗಳು, ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹನ್ನೊಂದೂವರೆಗೆ ಬಂದು "ಡಾಕ್ಟರು ಮುದ್ದತು ಕೇಳಿದ್ದಾರೆ, ಮುಂದಿನ ತಾರೀಖು ತಿಳಿಸುತ್ತೇವೆ" ಅಂದರು. ಅವನು ಜಗಳ ಮಾಡಲಿಲ್ಲ. ಚೀಲದ ಬಾಯಿಗೆ ಮತ್ತೆ ಗಂಟು ಹಾಕಿದ, ಅಷ್ಟೇ. ಅಲ್ಲಿದ್ದವರೆಲ್ಲ ಅದನ್ನು ನೋಡಿದರು. ಎರಡನೇ ಸಲವೂ ಆ ಡಾಕ್ಟರು ಬಾರದಿದ್ದಾಗ ಮೂರನೇ ತಾರೀಖು ಸಿಗಲಿಲ್ಲ. ನಿಮ್ಮ ಪತ್ರ ಅವನಿಗೆ ಒಂದು ವಾರ ಮುಂಚೆ ಮುಟ್ಟಿದರೆ ಅವನ ಪ್ರಯಾಣವೂ ಉಳಿಯುತ್ತದೆ, ನಿಮ್ಮ ಮಾನವೂ ಉಳಿಯುತ್ತದೆ.

ಇದನ್ನೇ ನಾನು ಹೇಳಬೇಕು ಅಂತಿದ್ದದ್ದು. ಮುದ್ದತು ಪುಕ್ಕಟೆ ಸಿಗುವುದಿಲ್ಲ ಸಾಹೇಬ್ರೇ. ನಿಯಮ 8.4ರಲ್ಲಿ ದೂರಿನ ತೀರ್ಮಾನ 6 ತಿಂಗಳಲ್ಲಿ ಆಗಬೇಕು ಅಂತಿದೆ. ನಡೆಯುವುದು ಹಾಗಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಆರು ತಿಂಗಳಾದರೂ ಮುಗಿಸಿಲ್ಲ ಅಂತ ದೂರುದಾರರು ಮೇಲಿನವರಿಗೆ ಬರೆಯಬಹುದು. ಹಿಂದೆ ಆ ಜಾಗದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಇತ್ತು, 2020ರ ಸೆಪ್ಟೆಂಬರ್‌ನಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದೆ. 8.7ರ ಪ್ರಕಾರ ಕಾರಣವಿಲ್ಲದೆ ತಡವಾದರೆ ಬೇಗ ಮುಗಿಸಿ ಅಂತ ಗಡುವು ಕೊಡಬಹುದು, ದೂರನ್ನೇ ಅಲ್ಲಿಗೆ ಎಳೆದುಕೊಳ್ಳಬಹುದು. ಬಸವನಗುಡಿ ದೂರ ಅನ್ನುತ್ತಿದ್ದೀರಿ, ಆಗ ದೆಹಲಿಗೆ ಓಡಾಡಬೇಕು.

ಅದಕ್ಕಿಂತ ಹತ್ತಿರದ ಅಪಾಯ 8.5. ದೂರು ಬಾಕಿ ಇರುವಾಗ, ಯಾವ ಚಿಕಿತ್ಸೆಯ ಬಗ್ಗೆ ದೂರು ಇದೆಯೋ ಅದನ್ನು ಮಾಡಬೇಡಿ ಅಂತ ಕೌನ್ಸಿಲ್ ತಡೆಯಬಹುದು. ನಿಮ್ಮದು ಹೆರಿಗೆ ದವಾಖಾನೆ. ಸಿಸೇರಿಯನ್ ಮಾಡುವಂತಿಲ್ಲ ಅಂದರೆ ಬಾಗಿಲು ಹಾಕಿದ ಹಾಗೇ. ಎಲ್ಲ ಕೇಸಿನಲ್ಲೂ ಹೀಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ತಾರೀಖು ಮೇಲೆ ತಾರೀಖು ಕೇಳುವ ಡಾಕ್ಟರ ಮೇಲೆ ಅದನ್ನು ಹಾಕಿ ಅಂತ ದೂರುದಾರರ ವಕೀಲರು ಕೇಳದೆ ಇರುತ್ತಾರಾ? ನಾನಾದರೆ ಕೇಳುತ್ತಿದ್ದೆ.

ಸಿಕ್ಕ ನಾಲ್ಕು ವಾರದಲ್ಲಿ ಏನು ಮಾಡಬೇಕು? ಆ ರಾತ್ರಿಯನ್ನು ಗಡಿಯಾರ ಇಟ್ಟುಕೊಂಡು ಮತ್ತೆ ಕಟ್ಟಬೇಕು. ರಕ್ತಸ್ರಾವದ ಕೇಸಿನಲ್ಲಿ ಎಲ್ಲವೂ ಸಮಯದ ಮೇಲೇ ನಿಂತಿದೆ. ರಕ್ತ ಜಾಸ್ತಿ ಹೋಗುತ್ತಿದೆ ಅಂತ ಮೊದಲು ನೋಡಿದ್ದು ಎಷ್ಟು ಗಂಟೆಗೆ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಔಷಧಿ ಕೊಟ್ಟದ್ದು ಯಾವಾಗ, ರಕ್ತಕ್ಕೆ ಬ್ಲಡ್ ಬ್ಯಾಂಕಿಗೆ ಹೇಳಿದ್ದು ಯಾವಾಗ, ಬಂದದ್ದು ಯಾವಾಗ, ಇಲ್ಲಿ ಆಗುವುದಿಲ್ಲ ಅಂತ ನಿರ್ಧಾರ ಮಾಡಿದ್ದು ಯಾವಾಗ, ಗಾಡಿ ಹೊರಟದ್ದು ಯಾವಾಗ. ಬೀದರಿನಿಂದಲೇ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಆ ದಾರಿಯನ್ನು ನೀವು ಯಾಕೆ ಆರಿಸಿದಿರಿ, ಹತ್ತಿರದಲ್ಲಿ ಯಾರನ್ನಾದರೂ ಕೇಳಿದಿರಾ, ಅಲ್ಲಿನ ಆಸ್ಪತ್ರೆಗೆ ಮುಂಚೆ ಫೋನ್ ಮಾಡಿದಿರಾ, ರೆಫರಲ್ ಚೀಟಿಯಲ್ಲಿ ಏನು ಬರೆದಿರಿ. ಇದನ್ನೆಲ್ಲ ಕೇಳಿಯೇ ಕೇಳುತ್ತಾರೆ.

ಇದಕ್ಕೆ ಸಾಕ್ಷಿ ಬರೀ ಕೇಸ್ ಶೀಟಿನಲ್ಲಿ ಇರುವುದಿಲ್ಲ. ನಿಮ್ಮ ಮೊಬೈಲಿನ ಕಾಲ್ ಲಿಸ್ಟ್ ತೆಗೆಸಿ, ದಿನ ಹೋದಷ್ಟೂ ಅದು ಸಿಗುವುದು ಕಷ್ಟ. ಬ್ಲಡ್ ಬ್ಯಾಂಕಿನ ರಸೀದಿಯಲ್ಲಿ ಸಮಯ ಇರುತ್ತದೆ. 108ಕ್ಕೆ ಫೋನ್ ಮಾಡಿದ್ದರೆ ಅದಕ್ಕೂ ದಾಖಲೆ ಇರುತ್ತದೆ. ನಿಮ್ಮದೇ ಆಂಬುಲೆನ್ಸ್ ಆಗಿದ್ದರೆ ಫಾಸ್ಟ್ಯಾಗ್ ಇದ್ದೀತು. ಜಹೀರಾಬಾದ್ ಕಡೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಟೋಲಿನಲ್ಲಿ ಗಾಡಿ ದಾಟಿದ್ದರೆ ಗಂಟೆ ನಿಮಿಷ ಸಮೇತ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತದೆ. ಇಂಥ ಒಂದು ಸಾಲು ಹತ್ತು ಪುಟದ ವಾದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಅನಸ್ತೇಷಿಯಾ ಡಾಕ್ಟರ್ ಬೀದರಿನಿಂದ ಬಂದು ಹೋಗುವವರು, ಅವರಿಗೂ ನೋಟಿಸ್ ಬಂದಿದೆ ಅಂದಿರಿ. ಇಬ್ಬರೂ ಒಬ್ಬರೇ ವಕೀಲರನ್ನು ಇಟ್ಟುಕೊಳ್ಳೋಣ ಅಂತ ಮಾತಾಗಿದೆಯಂತೆ. ಬೇಡ. ಈಗ ಸ್ನೇಹ ಇದೆ, ಸರಿ. ಆದರೆ "ನಾನು ಹೊರಟಾಗ ರೋಗಿ ಚೆನ್ನಾಗಿದ್ದರು" ಅಂತ ಅವರು ಹೇಳಬೇಕಾಗುತ್ತದೆ, "ಅವರು ಬೇಗ ಹೊರಟುಬಿಟ್ಟರು" ಅಂತ ನೀವು ಹೇಳಬೇಕಾಗಬಹುದು. ಆ ದಿನ ಒಬ್ಬ ವಕೀಲರು ಇಬ್ಬರ ನಡುವೆ ಸಿಕ್ಕಿಕೊಂಡರೆ ಮತ್ತೆ ಮುದ್ದತು ಕೇಳಬೇಕು, ಅದೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಊರಿನ ಹಿರಿಯರನ್ನು ಕೂರಿಸಿ ರಾಜಿ ಮಾಡಿಕೊಳ್ಳುವ ಯೋಚನೆಯೂ ನಿಮ್ಮ ಪತ್ರದಲ್ಲಿ ಇಣುಕಿದೆ. ರಾಜಿ ತಪ್ಪಲ್ಲ. ಆದರೆ ದುಡ್ಡು ಕೊಟ್ಟು ದೂರು ವಾಪಸ್ ತೆಗೆಸಿದರೆ ಕೌನ್ಸಿಲ್ ವಿಚಾರಣೆ ತಾನಾಗಿ ಮುಗಿಯುತ್ತದೆ ಅಂತ ನಂಬಬೇಡಿ, ಅವರು ನೋಡುತ್ತಿರುವುದು ನಿಮ್ಮ ವೃತ್ತಿ ನಡತೆಯನ್ನು. ತಾರೀಖಿಗೆ ಮುಂಚಿನ ವಾರ ಅವರ ಮನೆಗೆ ನಾಲ್ಕು ಜನರನ್ನು ಕಳಿಸಿದರೆ ಅದು ಬೆದರಿಕೆ ಅಂತ ಹೊಸ ದೂರಾಗುತ್ತದೆ. ಹಾಗೆಯೇ ತಾಯಿ ಸಾವಿನ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿ ಕಡೆಯಿಂದ ಆದ ಪರಿಶೀಲನೆ ಬೇರೆ. ಅದು ಇನ್ನೊಂದು ಸಾವು ತಪ್ಪಿಸಲು ಮಾಡುವುದು, ಯಾರಿಗೂ ಶಿಕ್ಷೆ ಕೊಡಲು ಅಲ್ಲ. ಅಲ್ಲಿ ನಿಮ್ಮ ಹೆಸರಿಗೆ ಏನೂ ಆಗಲಿಲ್ಲ ಅಂತ ಇಲ್ಲಿ ಧೈರ್ಯ ಮಾಡಬೇಡಿ.

ಇಷ್ಟಾದರೂ ಮುದ್ದತು ಸಿಗಲಿಲ್ಲ ಅಂದುಕೊಳ್ಳಿ. ಹೋಗಿ. ಹಾಜರಾಗಿ, "ದಾಖಲೆ ಇಲ್ಲದೆ ಹೇಳುತ್ತಿದ್ದೇನೆ, ನನ್ನ ಆಕ್ಷೇಪಣೆ ಬರೆದುಕೊಳ್ಳಿ" ಅಂತ ಲಿಖಿತವಾಗಿ ಕೊಟ್ಟು ಭಾಗವಹಿಸಿ. ಕೋಪ ಮಾಡಿಕೊಂಡು ಎದ್ದು ಬರಬೇಡಿ. ನಿಮ್ಮ ವಿರುದ್ಧ ಆದೇಶವಾದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಕಲಮಿನಲ್ಲಿ 60 ದಿನದೊಳಗೆ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಗೆ ಅಪೀಲು ಹೋಗಬಹುದು. ಅಲ್ಲೂ ಆಗದಿದ್ದರೆ ಮತ್ತೆ 60 ದಿನದಲ್ಲಿ ಆಯೋಗಕ್ಕೆ. ಅಲ್ಲಿ ನಿಮ್ಮ ಮಾತು ನಿಲ್ಲಬೇಕಾದರೆ ಈಗ ಕಳಿಸುವ ಪತ್ರ, ಅದರ ರಸೀದಿ, ಆ ದಿನದ ಹಾಜರಿ ಎಲ್ಲ ಫೈಲಿನಲ್ಲಿರಬೇಕು.

ಹಾಗಾಗಿ ಕೌನ್ಸಿಲ್‌ಗೆ ಬರೆಯುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ನಾಳೆ ಬೆಳಿಗ್ಗೆ ವಕೀಲರ ಜೊತೆ ಠಾಣೆಗೆ ಹೋಗಿ ಕೇಸ್ ಶೀಟಿನ ಪ್ರತಿಗೆ ಅರ್ಜಿ ಕೊಡಿ. ಕೋರ್ಟಿಗೆ ಹೋಗಿದೆ ಅಂದರೆ ಅದೇ ದಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿಸಿ. ಸೀಲು ಬಿದ್ದ ಸ್ವೀಕೃತಿ ಕೈಗೆ ಬಾರದೆ ಅಲ್ಲಿಂದ ಏಳಬೇಡಿ. "ಸಾಹೇಬ್ರು ಬಂದಮೇಲೆ ಸೀಲ್ ಹಾಕ್ತೀವಿ" ಅಂದರೆ ಅಲ್ಲೇ ಕೂತು ಒಂದು ಚಹಾ ಕುಡಿಯಿರಿ.